‘ಗಾಲೆ’ ಸಹಿಯಿರುವ ಹಳೆಯ ಗಾಜಿನ ಹೂದಾನಿ: ಅಸಲಿಯೆಂದು ತಿಳಿಯುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು)

ಮಾನ್ಯರೇ, ಕೊಪ್ಪದ ಕಡೆಯ ಕಾಫಿ ತೋಟವೊಂದರ ಬಂಗಲೆಯಿಂದ ಬಂದದ್ದೆಂದು ಹೇಳಿ, ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ನನಗೆ ಒಂದು ಹೂದಾನಿಯನ್ನು ತೋರಿಸಿದ್ದಾರೆ. ಅದು ಗೇಣುದ್ದ ಎತ್ತರವಿದ್ದು, ಮಬ್ಬು ಹಳದಿ ಗಾಜಿನ ಮೇಲೆ ಕಂದು ಬಣ್ಣದ ಎಲೆಬಳ್ಳಿ ಉಬ್ಬಿ ನಿಂತಿದೆ. ಬಳ್ಳಿಯ ಕೆಳಗೆ ಅದೇ ಕಂದು ಗಾಜಿನಲ್ಲಿ ‘ಗಾಲೆ’ ಎಂಬ ಫ್ರೆಂಚ್ ಗಾಜಿನ ಕಲಾವಿದರ ಸಹಿಯಿದೆ. ತಳದಲ್ಲಿ ಒಂದು ತೂತಿದೆ. ಅವರು ಕೇಳುತ್ತಿರುವ ಬೆಲೆ ನಕಲಿಗೆ ಬಹಳ ಹೆಚ್ಚು, ಅಸಲಿಗೆ ಬಹಳ ಕಡಿಮೆ. ಅತಿನೇರಳೆ ಟಾರ್ಚಿನ ಬೆಳಕಿಗೆ ಹಸಿರಾಗಿ ಹೊಳೆದರೆ ಅಸಲಿಯೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದನ್ನು ನಂಬಬಹುದೇ?

ಉತ್ತರ (ಹಾಸನ)

ಸರ್, ದಯವಿಟ್ಟು ಸಹಿಯನ್ನು ಕೊನೆಗೆ ನೋಡಿ. ಫ್ರಾನ್ಸಿನ ನಾನ್ಸಿ ನಗರದ ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡ ನಂತರವೂ ಅವರ ಕಾರ್ಖಾನೆ 1930ರ ದಶಕದವರೆಗೆ ಅದೇ ಹೆಸರಿನಲ್ಲಿ ಗಾಜು ತಯಾರಿಸಿತು. ಅವರು ಹೋದ ಹೊಸದರಲ್ಲಿ ಸಹಿಯ ಜೊತೆಗೆ ಪುಟ್ಟ ನಕ್ಷತ್ರವನ್ನು ಸೇರಿಸುತ್ತಿದ್ದರು. ಆದ್ದರಿಂದ ಸಹಿ ನಿಜವಾಗಿದ್ದರೂ ಅದು ಕಾರ್ಖಾನೆಯ ಗುರುತೇ ಹೊರತು, ಗಾಲೆಯವರು ಸ್ವತಃ ಮಾಡಿದ್ದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ತೊಡಕೆಂದರೆ, ಬೇರೆ ಬೇರೆ ಬಣ್ಣದ ಪದರಗಳನ್ನು ಒಂದರ ಮೇಲೊಂದು ಹೊದಿಸಿ ಊದಿ, ಚಿತ್ರ ಉಳಿಯಬೇಕಾದ ಕಡೆ ಲೇಪ ಬಳಿದು, ಮಿಕ್ಕದ್ದನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕರಗಿಸುವ ಮೂಲ ವಿಧಾನವನ್ನೇ ರುಮೇನಿಯಾದ ಇತ್ತೀಚಿನ ಪ್ರತಿಕೃತಿಗಳೂ ಅನುಸರಿಸುತ್ತವೆ. ಅವುಗಳ ಸಹಿಯ ಪಕ್ಕದಲ್ಲಿ, ಇದು ‘ಗಾಲೆ ಮಾದರಿ’ಯದೆಂದು ತಿಳಿಸುವ ‘ಟಿಪ್’ ಎಂಬ ಪದ ಇರುತ್ತದೆ. ಮೋಸ ಮಾಡುವವರು ಆ ಪದವನ್ನಷ್ಟೇ ಉಜ್ಜಿ ತೆಗೆಯುತ್ತಾರೆ. ಸಹಿಯ ಆಚೀಚೆ ಭೂತಗನ್ನಡಿ ಹಿಡಿದು, ಗಾಜು ಸ್ವಲ್ಪ ತಗ್ಗಾಗಿದೆಯೇ, ಹೊಳಪು ಅಲ್ಲಿ ಮಾತ್ರ ಬೇರೆಯಾಗಿದೆಯೇ ಎಂದು ಗಮನಿಸಿ. ಆಮೇಲೆ ಎಲೆಗಳನ್ನು ನೋಡಿ. ಒಳ್ಳೆಯ ಕೆಲಸದಲ್ಲಿ ಆಮ್ಲವನ್ನು ಹಲವು ಸಲ ಬಳಸಿರುವುದರಿಂದ ಒಂದೇ ಎಲೆಯಲ್ಲಿ ಕಂದು ಬಣ್ಣ ದಟ್ಟದಿಂದ ತಿಳಿಯವರೆಗೆ ಇಳಿಯುತ್ತದೆ, ನರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎಲ್ಲವೂ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿದ್ದರೆ ನಾನಾದರೆ ಹಿಂಜರಿಯುತ್ತೇನೆ.

ಉತ್ತರ (ಸಕಲೇಶಪುರ)

ತಳದ ತೂತು ನಕಲಿಯ ಲಕ್ಷಣವಲ್ಲ. ವಿದ್ಯುತ್ ಬಂದ ಮೇಲೆ ಇಂತಹ ಹೂದಾನಿಗಳನ್ನು ಕೊರೆದು ಮೇಜಿನ ದೀಪ ಮಾಡಿಕೊಂಡದ್ದುಂಟು. ಅದರಿಂದ ಬೆಲೆ ಇಳಿಯುತ್ತದೆ, ಅಷ್ಟೇ. ತಳದ ಸವೆತ ಹೆಚ್ಚು ಉಪಯುಕ್ತ: ಮೇಜಿಗೆ ತಾಗುವ ಅಂಚಿನಲ್ಲಿ ಮಾತ್ರ, ದಿಕ್ಕುದೆಸೆಯಿಲ್ಲದೆ ಹರಡಿದ ಗೀರುಗಳಿರಬೇಕು. ತಾಗದ ಜಾಗದಲ್ಲಿಯೂ ಒಂದೇ ದಿಕ್ಕಿನ ಗೀರುಗಳಿದ್ದರೆ ಉಪ್ಪುಕಾಗದದ ಕೆಲಸವೆಂದು ಸಂಶಯಪಡಬೇಕು.

‘ಬಂಗಲೆಯ ಸಾಮಾನು’ ಎಂಬ ಮಾತಿಗೆ ನಮ್ಮ ಕಡೆ ಏನೂ ಖರ್ಚಿಲ್ಲ. ತೋಟ ಕೈಬದಲಾದಾಗ ಬರೆದ ಸಾಮಾನಿನ ಪಟ್ಟಿಯೋ, ಹಳೆಯ ಫೋಟೋವೋ ಇದ್ದರೆ ತೋರಿಸಲಿ. ಇಲ್ಲವಾದರೆ ಆ ಕಥೆಗೆ ಪ್ರತ್ಯೇಕ ಹಣ ಕೊಡಬೇಡಿ.

ಉತ್ತರ (ಹಾಸನ)

ಟಾರ್ಚಿನ ವಿಷಯ ಬಿಟ್ಟುಹೋಗಿತ್ತು. ಹಸಿರು ಹೊಳಪು ಗಾಜಿನಲ್ಲಿರುವ ಯುರೇನಿಯಂ ಅನ್ನು ಸೂಚಿಸುತ್ತದೆ. ಮ್ಯಾಂಗನೀಸ್ ಇದ್ದರೂ ಮಂದವಾದ ಹಸಿರು ಕಾಣಬಹುದು. ಯುರೇನಿಯಂ ಗಾಜನ್ನು ಇಂದಿಗೂ ತಯಾರಿಸುತ್ತಾರೆ, ಅಸಲಿ ಗಾಲೆಯಲ್ಲಿ ಅದು ಇರಲೇಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಹೊಳೆದರೂ ಹೊಳೆಯದಿದ್ದರೂ ತೀರ್ಮಾನವಾಗದು. ಆದರೆ ಒಡೆದದ್ದನ್ನು ಅಂಟಿಸಿದ್ದರೆ ಆ ಅಂಟು ಟಾರ್ಚಿನಡಿ ಬೇರೆಯಾಗಿ ಕಾಣುವುದುಂಟು. ಅದಕ್ಕಾಗಿ ಖಂಡಿತ ಬಳಸಿ. ಬಾಯಂಚನ್ನು ಬೆರಳಿನಿಂದ ಸವರಿಯೂ ನೋಡಿ, ಏಕೆಂದರೆ ಚಕ್ಕೆ ಎದ್ದ ಅಂಚನ್ನು ಉಜ್ಜಿ ಸಮ ಮಾಡಿರುವ ಸಾಧ್ಯತೆಯಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇವತ್ತು ಮತ್ತೆ ನೋಡಿ ಬಂದೆ. ತಳದ ಸವೆತ ಸಹಜವಾಗಿಯೇ ಇದೆ. ಆದರೆ ಸಹಿಯ ಬಲಗಡೆ ಕಿರುಬೆರಳಿನ ಉಗುರಿನಷ್ಟು ಜಾಗ ನುಣ್ಣಗಿದೆ, ಎಲೆಗಳಲ್ಲಿ ಒಂದೇ ಕಂದು ಬಣ್ಣವಿದೆ. ತಜ್ಞರ ಅಭಿಪ್ರಾಯಕ್ಕಾಗಿ ವಿದೇಶಕ್ಕೆ ಕಳುಹಿಸಬಹುದೇ?

ಉತ್ತರ (ಸಕಲೇಶಪುರ)

ವಸ್ತುವನ್ನು ಕಳುಹಿಸಲು ಹೋಗಬೇಡಿ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು ಪುರಾತನ ವಸ್ತುಗಳಾಗುತ್ತವೆ, ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಸಹಿ, ತಳ, ಬಾಯಂಚುಗಳ ಫೋಟೋಗಳನ್ನು ಓರೆ ಬೆಳಕಿನಲ್ಲಿ ತೆಗೆದು ಕಳುಹಿಸಿದರೆ ಸಾಕು. ಆ ನುಣುಪು ಜಾಗವನ್ನು ಕಂಡ ಮೇಲೆ ನಾನಾಗಿದ್ದರೆ ಪ್ರತಿಕೃತಿಯ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡುತ್ತಿರಲಿಲ್ಲ.