ಜರ್ಮನಿಯಿಂದ ಬಂದ ತಮ್ಮನಿಗೆ ಉಣುಗು ಕಚ್ಚಿದ ಮಚ್ಚೆ: ಚರ್ಮದ ಡಾಕ್ಟರಿಗೆ ಪ್ರಶ್ನೆ

ಪ್ರಶ್ನೆ (ಮೂಡಿಗೆರೆ): ನಮಸ್ತೆ ಡಾಕ್ಟ್ರೇ. ನನ್ನ ತಮ್ಮ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ, ಈಗ ರಜೆಗೆ ಬಂದಿದ್ದಾನೆ. ಹೊರಡುವ ಮುಂಚೆ ಅಲ್ಲಿನ ಕಾಡಲ್ಲಿ ತೊಡೆಗೆ ಉಣುಗು ಕಚ್ಚಿತ್ತಂತೆ. ಅಲ್ಲೇ ಒಂದು ಕೆಂಪು ಮಚ್ಚೆ ಎದ್ದು, ದಿನದಿನಕ್ಕೂ ಅಗಲವಾಗುತ್ತಿದೆ. ನೋವಿಲ್ಲ. ರಕ್ತ ಪರೀಕ್ಷೆಯಲ್ಲಿ ಲೈಮ್ (ಉಣುಗು ಕಚ್ಚಿ ಬರುವ ಬ್ಯಾಕ್ಟೀರಿಯಾ ಕಾಯಿಲೆ) ಇಲ್ಲ ಅಂತ ಬಂತು. ಅವನ ಆಫೀಸಿನವರೊಬ್ಬರಿಗೆ ಲೈಮ್ ಬಂದು ಮುಖವೇ ಸೊಟ್ಟಗಾಗಿತ್ತಂತೆ. ಇವನಿಗೆ ಬರೀ ಚರ್ಮದಲ್ಲಿದೆ. ಇದು ಬೇರೆ ಏನಾದರೂ ಇರಬಹುದಾ?

ಉತ್ತರ (ಚರ್ಮರೋಗ ವೈದ್ಯೆ, ಚಿಕ್ಕಮಗಳೂರು): ಆ ರಿಪೋರ್ಟ್ ನಂಬಿ ಸುಮ್ನೆ ಕೂರಬೇಡಿ. ಆ ಪರೀಕ್ಷೆ ನೋಡುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಏಳಲು ಕೆಲವು ವಾರ ಬೇಕು. ಮೊದಮೊದಲು 'ಇಲ್ಲ' ಅಂತಲೇ ಬರುವುದು ಜಾಸ್ತಿ. ಕಚ್ಚಿದ 3ರಿಂದ 30 ದಿನದೊಳಗೆ ಎದ್ದು, ಹರಡುತ್ತಾ 5 ಸೆಂ.ಮೀ. ದಾಟುವ ಮಚ್ಚೆಯನ್ನು ಕಣ್ಣಲ್ಲಿ ನೋಡಿಯೇ ಲೈಮ್ ಅಂತ ಗುರುತಿಸುತ್ತೇವೆ. ಕಚ್ಚಿದ ಒಂದೆರಡು ದಿನದಲ್ಲಿ ಎದ್ದು ಇಳಿಯುವ ಸಣ್ಣ ಕೆಂಪು ಬೇರೆ, ಅದು ಕಡಿತದ ಅಲರ್ಜಿ ಅಷ್ಟೇ. ನಾಳೆಯೇ ಹತ್ತಿರದ ಚರ್ಮದ ಡಾಕ್ಟರಿಗೆ ತೋರಿಸಿ. ಜರ್ಮನಿಯ ಕಾಡು, ಉಣುಗು ಎರಡನ್ನೂ ಮರೆಯದೆ ಹೇಳಿ. ಸಾಮಾನ್ಯವಾಗಿ ಡಾಕ್ಟರು ಆಂಟಿಬಯೋಟಿಕ್ ಆದ ಡಾಕ್ಸಿಸೈಕ್ಲಿನ್‌ ಮಾತ್ರೆ ಕೊಡುತ್ತಾರೆ, ಬೇಗ ಶುರು ಮಾಡಿದರೆ ಚೆನ್ನಾಗಿ ವಾಸಿಯಾಗುತ್ತದೆ. ನೀವೇ ಅಂಗಡಿಯಿಂದ ತಂದು ಕೊಡಬೇಡಿ.

ಇನ್ನು ಒಬ್ಬರಿಗೆ ಮುಖ, ಒಬ್ಬರಿಗೆ ಚರ್ಮ ಯಾಕೆ? ಇದು ನನಗೆ ತುಂಬಾ ಇಷ್ಟದ ವಿಷಯ. 1982ರಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಈ ರೋಗಾಣುವನ್ನು ಕಂಡುಹಿಡಿದಿದ್ದನ್ನು ವರದಿ ಮಾಡಿದಾಗ, ಇದು ಒಂದೇ ಜಾತಿ ಅಂದುಕೊಂಡಿದ್ದರು. ಈಗ ಬೊರೇಲಿಯಾ ಎಂಬ ಈ ರೋಗಾಣುವಿನ ಗುಂಪಿನಲ್ಲಿ 20ಕ್ಕೂ ಹೆಚ್ಚು ಪ್ರಭೇದ ಸಿಕ್ಕಿವೆ. ಅರೇಬಿಕಾ, ರೋಬಸ್ಟಾ ಎರಡೂ ಕಾಫಿಯೇ, ಆದರೂ ಗುಣ ಬೇರೆ ಅಲ್ವಾ, ಹಾಗೆ. ಯುರೋಪಿನಲ್ಲಿ ಬೊರೇಲಿಯಾ ಅಫ್ಜೆಲಿ ಎಂಬ ಪ್ರಭೇದಕ್ಕೆ ಚರ್ಮದ ಕಡೆಗೇ ಒಲವು. ಚಿಕಿತ್ಸೆ ಇಲ್ಲದೆ ಬಿಟ್ಟರೆ, ವರ್ಷಗಳ ನಂತರ ಕೈಕಾಲಿನ ಚರ್ಮ ನೀಲಿಗೆಂಪಾಗಿ, ಆಮೇಲೆ ಕಾಗದದಷ್ಟು ತೆಳುವಾಗಬಹುದು. ಗಾರಿನಿ ಎಂಬ ಪ್ರಭೇದ ನರಗಳಿಗೆ ಹೋಗುವುದು ಜಾಸ್ತಿ, ಮುಖ ಸೊಟ್ಟಗಾಗುವುದು ನರಕ್ಕೆ ತಗುಲಿದಾಗ. ಅಮೆರಿಕದಲ್ಲಿ ಹೆಚ್ಚಾಗಿರುವ ಬರ್ಗ್‌ಡಾರ್ಫೆರಿ ಎಂಬ ಪ್ರಭೇದ ಕೀಲು ಹಿಡಿಯುತ್ತದೆ. ಹಾಗಂತ ಗೆರೆ ಕೊಯ್ದಂತೆ ಭಾಗ ಮಾಡಲಾಗದು, ಚರ್ಮದ ಮಚ್ಚೆ ಮೂರರಲ್ಲೂ ಬರುತ್ತದೆ.

ಪ್ರಶ್ನೆ (ಅವರದೇ): ಒಂದು ಸಲ ಬಂದರೆ ಮತ್ತೆ ಬರಲ್ಲ ತಾನೇ?

ಉತ್ತರ: ಬರಬಹುದು. ಒಂದೇ ಪ್ರಭೇದದೊಳಗೂ ವಂಶವಾಹಿಯಲ್ಲಿ ತಳಿಭೇದಗಳಿವೆ. ರೋಗಾಣುವಿನ ಮೈಮೇಲೆ ಓಎಸ್‌ಪಿಸಿ ಎಂಬ ಪ್ರೋಟೀನ್ ಇದೆ, ಅದು ತಳಿಯಿಂದ ತಳಿಗೆ ಬದಲಾಗುತ್ತದೆ. ಒಂದು ತಳಿಗೆ ದೇಹ ಕಲಿತ ಪಾಠ ಇನ್ನೊಂದರ ಮುಂದೆ ಕೆಲಸಕ್ಕೆ ಬಾರದು. ಕೆಲವು ತಳಿ ಚರ್ಮದಲ್ಲೇ ನಿಲ್ಲುತ್ತವೆ, ಕೆಲವು ರಕ್ತಕ್ಕೆ ಇಳಿಯುತ್ತವೆ. ವಾಪಸ್ ಹೋದ ಮೇಲೂ ಅವನು ಉದ್ದ ಪ್ಯಾಂಟ್ ಹಾಕಿಯೇ ಕಾಡಿಗೆ ಹೋಗಲಿ.

ಪ್ರಶ್ನೆ (ಕೊಪ್ಪ): ಮೇಡಂ, ನಮ್ಮ ತೋಟದವರಿಗೂ ಉಣುಗು ಹತ್ತುತ್ತದೆ. ನಾವೂ ಲೈಮ್‌ಗೆ ಹೆದರಬೇಕಾ?

ಉತ್ತರ: ನಿಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದು ವೈರಸ್, ಡಾಕ್ಸಿಸೈಕ್ಲಿನ್ ಅದಕ್ಕೆ ನಾಟುವುದಿಲ್ಲ. ಹರಡುವ ಉಣುಗಿನ ಜಾತಿಯೂ ಬೇರೆ. ಮಚ್ಚೆಗಾಗಿ ಕಾಯಬೇಡಿ. ಕಚ್ಚಿದ ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸತ್ತ ಮಂಗ ಕಂಡರೆ ಮುಟ್ಟದೆ ಅಲ್ಲಿಗೇ ತಿಳಿಸಿ. ಹತ್ತಿದ ಉಣುಗಿಗೆ ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗಿದ ಜಾಗದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಆಮೇಲೆ ಸೋಪು ಹಾಕಿ ತೊಳೆಯಿರಿ.