ಮನೆಯಲ್ಲಿ ಆಕ್ಸಿಜನ್, ಸಕ್ಷನ್ ಇರುವ ಮಕ್ಕಳು: ಸಿಸ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಕ್ಕಳ ಐಸಿಯುನಲ್ಲಿ 14 ವರ್ಷ ಕೆಲಸ ಮಾಡಿದ ಸಿಸ್ಟರ್ ಇವತ್ತು ಸಂಜೆ ನಮ್ಮ ಜೊತೆ ಇರುತ್ತಾರೆ. ಒಬ್ಬೊಬ್ಬರಾಗಿ ಕೇಳಿ. ಔಷಧಿ ಡೋಸ್ ಕೇಳಬೇಡಿ.

ತುಮಕೂರಿನ ಅಪ್ಪ: ಸಿಸ್ಟರ್, ಕರೆಂಟ್ ಹೋದರೆ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮಷಿನ್) ನಿಂತುಹೋಗುತ್ತದೆ. ಮನೆಯ ಯುಪಿಎಸ್ ಸಾಕಾ?

ಸಿಸ್ಟರ್: 5 ಲೀಟರ್ ಮಷಿನ್ ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಎಎಚ್ ಬ್ಯಾಟರಿ ಹೊಸದಿದ್ದರೆ ಮೂರು ಗಂಟೆ ಬರಬಹುದು. ಹಳೆಯದಾದರೆ ನಂಬಬೇಡಿ. ಒಂದು ಬಿ ಟೈಪ್ ಸಿಲಿಂಡರ್ ಮನೆಯಲ್ಲಿರಲಿ. ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 1 ಲೀಟರ್ ಹೋಗುವ ಮಗುವಿಗೆ ಒಂದು ದಿನ ಬರುತ್ತದೆ. ಬೀಳದ ಹಾಗೆ ಗೋಡೆಗೆ ಚೈನ್ ಹಾಕಿ.

ಮೈಸೂರಿನ ಅಮ್ಮ: ಬಸ್ಸಿನಲ್ಲಿ ಸಿಲಿಂಡರ್ ತೆಗೆದುಕೊಂಡು ಹೋಗಲು ಬಿಡುತ್ತಾರಾ ಸಿಸ್ಟರ್? ಊರಿನಲ್ಲಿ ತಂಗಿ ಮದುವೆ ಇದೆ.

ಬಳ್ಳಾರಿಯ ಅಮ್ಮ: ನೆಬ್ಯುಲೈಸರ್‌ಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಬಹುದಾ?

ಸಿಸ್ಟರ್: ಬೇಡ. ಯಾವ ಎಣ್ಣೆಯೂ ಬೇಡ. ಡಾಕ್ಟರ್ ಬರೆದ ಔಷಧಿ, ಬರೆದಿದ್ದರೆ ಸಲೈನ್, ಅಷ್ಟೇ.

ಚಿಕ್ಕಮಗಳೂರಿನ ಅಮ್ಮ: ಸಿಸ್ಟರ್, ಮಗನಿಗೆ ಮೂರು ವರ್ಷ. ಟ್ರೇಕಿಯಾಸ್ಟಮಿ (ಉಸಿರಾಡಲು ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕುವುದು) ಆಗಿದೆ, 4.0 ಅಳತೆಯ ಟ್ಯೂಬ್. ಹಗಲು ಚೆನ್ನಾಗಿರುತ್ತಾನೆ. ಒಂದು ವಾರದಿಂದ ರಾತ್ರಿ 2-3 ಗಂಟೆಗೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 86ಕ್ಕೆ ಇಳಿಯುತ್ತಿದೆ. ಆಕ್ಸಿಜನ್ 1 ಲೀಟರ್‌ನಿಂದ 2 ಮಾಡಿದರೆ ಏರುತ್ತದೆ. ಹಾಗೇ ಇಡಬಹುದಾ?

ಸಿಸ್ಟರ್: ನಿಲ್ಲಿ ಅಮ್ಮ, ಮೊದಲು ನಾಲ್ಕು ವಿಷಯ ಹೇಳಿ. ರಾತ್ರಿ ಕಫ ಹೇಗಿದೆ? ಎಚ್‌ಎಂಇ (ಟ್ಯೂಬಿನ ಹೊರತುದಿಗೆ ಹಾಕುವ ಕೃತಕ ಮೂಗು) ರಾತ್ರಿಯೂ ಇರುತ್ತದಾ? ಸಕ್ಷನ್ ಕ್ಯಾತಿಟರ್ (ಕಫ ಎಳೆದು ತೆಗೆಯುವ ಸಣ್ಣ ಪೈಪ್) ಎಷ್ಟನೇ ನಂಬರ್? ಬದಲಿ ಟ್ಯೂಬ್ ಎಲ್ಲಿದೆ?

ಚಿಕ್ಕಮಗಳೂರಿನ ಅಮ್ಮ: ಕಫ ಗೋಂದಿನ ಹಾಗೆ. ರಾತ್ರಿ ಆಕ್ಸಿಜನ್ ಮಾಸ್ಕ್ ಇಡಬೇಕಲ್ಲ, ಅದಕ್ಕೆ ಎಚ್‌ಎಂಇ ತೆಗೆಯುತ್ತೇವೆ. ಕ್ಯಾತಿಟರ್ 10. ಬದಲಿ ಟ್ಯೂಬ್ ಬೀರುವಿನಲ್ಲಿ ಭದ್ರವಾಗಿದೆ.

ಹುಬ್ಬಳ್ಳಿಯ ಸದಸ್ಯರು: ಫಾರ್ವರ್ಡ್ ಬಂದಿದ್ದು: ಕರ್ಪೂರ, ಓಮ, ಲವಂಗ ಬಟ್ಟೆಯಲ್ಲಿ ಕಟ್ಟಿ ಮೂಸಿಸಿದರೆ ಆಕ್ಸಿಜನ್ ಏರುತ್ತದೆ. ಎಲ್ಲರಿಗೂ ಕಳುಹಿಸಿ.

ಸಿಸ್ಟರ್: ಚಿಕ್ಕಮಗಳೂರಿನ ಅಮ್ಮ, ಇದನ್ನು ಇಡೀ ಓದಿ.

ನಿಮ್ಮ ಮಗನ ಟ್ಯೂಬ್ ಒಳಗಡೆ ಕಫ ಒಣಗಿ ಕಟ್ಟಿಕೊಳ್ಳುತ್ತಿದೆ ಎಂಬುದೇ ನನ್ನ ಅನುಮಾನ. ನಾವು ಎಳೆದ ಗಾಳಿಯನ್ನು ಮೂಗು ಬಿಸಿ ಮಾಡಿ ತೇವ ಮಾಡುತ್ತದೆ. ನಿಮ್ಮ ಮಗ ಮೂಗಿನಿಂದ ಉಸಿರಾಡುತ್ತಿಲ್ಲ. ಕಾನ್ಸಂಟ್ರೇಟರ್ ಗಾಳಿ ಒಣ, ಅದರ ಮೇಲೆ ನಿಮ್ಮೂರಿನ ಚಳಿ. ಇರುವ ಒಂದು ಕೃತಕ ಮೂಗನ್ನೂ ರಾತ್ರಿ ತೆಗೆಯುತ್ತಿದ್ದೀರಿ. ಆಕ್ಸಿಜನ್ 2 ಮಾಡಿದರೆ ಅಂಕಿ ಏರುತ್ತದೆ, ದಾರಿ ಕಟ್ಟಿಕೊಳ್ಳುವುದು ನಿಲ್ಲುವುದಿಲ್ಲ. ಅದೇ ನನಗೆ ಭಯ.

ಆಕ್ಸಿಜನ್ ಪೈಪ್ ಸೇರಿಸಬಹುದಾದ ಎಚ್‌ಎಂಇ ಸಿಗುತ್ತದೆ. ರಾತ್ರಿಗೆ ಬಿಸಿ ತೇವದ ಹ್ಯುಮಿಡಿಫೈಯರ್ ಬೇಕಾ ಎಂದು ನಾಳೆ ಬೆಳಿಗ್ಗೆಯೇ ನಿಮ್ಮ ಆಸ್ಪತ್ರೆಯಲ್ಲಿ ಕೇಳಿ. ಮಗುವನ್ನೂ ತೋರಿಸಿ. ವಾರದಿಂದ 86 ಅಂದರೆ ಫೋನಿನಲ್ಲಿ ಮುಗಿಯುವ ಮಾತಲ್ಲ.

10ನೇ ಕ್ಯಾತಿಟರ್ ಜಾಸ್ತಿ ದಪ್ಪ. ಟ್ಯೂಬ್ ಅಳತೆಯ ಎರಡರಷ್ಟು ನಂಬರ್ ಸಾಕು. 4.0ಕ್ಕೆ 8. ದಪ್ಪದ್ದು ಹಾಕಿದಾಗ ಉಸಿರಾಡುವ ಜಾಗವನ್ನೇ ಮುಚ್ಚುತ್ತೀರಿ. ಬದಲಿ ಟ್ಯೂಬ್ ಪಕ್ಕದಲ್ಲಿ ಹಿಡಿದು ಉದ್ದ ಅಳೆಯಿರಿ, ಅದಕ್ಕಿಂತ ಆಳಕ್ಕೆ ತಳ್ಳಬೇಡಿ. ಒಂದು ಸಲಕ್ಕೆ 5ರಿಂದ 10 ಸೆಕೆಂಡ್, ಆಮೇಲೆ ಉಸಿರಾಡಲು ಬಿಡಿ.

ಇನ್ನು ಬೀರು. ಈ ಮಕ್ಕಳು ಜೋರಾಗಿ ಅಳಲಾರರು ಅಮ್ಮ. ಟ್ಯೂಬ್ ಕಟ್ಟಿದರೆ ಪಕ್ಕದಲ್ಲೇ ಮಲಗಿದ್ದರೂ ಸದ್ದು ಕೇಳುವುದಿಲ್ಲ. ಸಕ್ಷನ್ ಕ್ಯಾತಿಟರ್ ಒಳಗೆ ಹೋಗದಿದ್ದರೆ ಡಾಕ್ಟರ್‌ಗೆ ಫೋನ್ ಹಚ್ಚುತ್ತಾ ಕೂರುವಂತಿಲ್ಲ. ತಕ್ಷಣ ಟ್ಯೂಬ್ ತೆಗೆದು ಹೊಸದು ಹಾಕಬೇಕು. ಅದು ಹೋಗದಿದ್ದರೆ ಅರ್ಧ ಅಳತೆ ಚಿಕ್ಕದು, 3.5. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆ ಹೊತ್ತಿನಲ್ಲಿ ಬೀರುವಿನ ಕೀ ಹುಡುಕುತ್ತೀರಾ? ಎರಡೂ ಟ್ಯೂಬ್, ಟೈ (ಟ್ಯೂಬನ್ನು ಕತ್ತಿಗೆ ಕಟ್ಟುವ ಪಟ್ಟಿ), ಕತ್ತರಿ, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಎಲ್ಲ ಒಂದು ಚೀಲದಲ್ಲಿ ಹಾಕಿ ಮಂಚಕ್ಕೇ ಕಟ್ಟಿ. ಟ್ಯೂಬ್ ಬದಲಿಸುವುದನ್ನು ನೀವಿಬ್ಬರೂ ಆಸ್ಪತ್ರೆಯಲ್ಲಿ ಕೈಯಾರೆ ಮಾಡಿ ಕಲಿತಿದ್ದೀರಾ?

ಚಿಕ್ಕಮಗಳೂರಿನ ಅಮ್ಮ: ನಾನು ಕಲಿತಿದ್ದೇನೆ. ಇವರು ನೋಡಿದ್ದಾರೆ ಅಷ್ಟೇ.

ಸಿಸ್ಟರ್: ನೋಡಿದರೆ ಆಗದು. ನೀವು ಸ್ನಾನಕ್ಕೆ ಹೋದಾಗ ಅವರೇ ಇರುವುದು. ನಾಳೆ ಅವರನ್ನೂ ಕರೆದುಕೊಂಡು ಹೋಗಿ.

ಹಾಸನದ ಸದಸ್ಯೆ: ಕರ್ಪೂರದ ಗಂಟು ನಮ್ಮ ಮನೆಯಲ್ಲೂ ಕಟ್ಟುತ್ತೇವೆ. ಏನೂ ಆಗಿಲ್ಲ.

ಸಿಸ್ಟರ್: 2021ರ ಏಪ್ರಿಲ್‌ನಲ್ಲೂ ಇದೇ ಫಾರ್ವರ್ಡ್ ಓಡಾಡಿತ್ತು. ಕರ್ಪೂರದಿಂದ ಆಕ್ಸಿಜನ್ ಏರುವುದಿಲ್ಲ. ಚಿಕ್ಕ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸು ಅವರದು. ದಯವಿಟ್ಟು ಅಳಿಸಿ.

ಹಾಸನದ ಸದಸ್ಯೆ: ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ, ಮೂಗಿಗೆ ಒಂದು ಹನಿ ಎಣ್ಣೆ. ನಾವೆಲ್ಲ ಹಾಗೇ ಬೆಳೆದಿದ್ದು ಅಲ್ವಾ? ಎಲ್ಲವೂ ತಪ್ಪು ಅಂದರೆ ಹೇಗೆ?

ಶಿವಮೊಗ್ಗದ ಅಮ್ಮ: ನನ್ನ ಮಗಳಿಗೂ ಅದೇ ಒಂದು ಹನಿ ಎಣ್ಣೆ ಬಿಟ್ಟಿದ್ದು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. 19 ದಿನ ಆಸ್ಪತ್ರೆ.

ಹಾಸನದ ಸದಸ್ಯೆ: ಸರಿಯಾಗಿ ಬಿಟ್ಟಿರಲಿಕ್ಕಿಲ್ಲ.

ಶಿವಮೊಗ್ಗದ ಅಮ್ಮ: ಬಿಟ್ಟಿದ್ದು ನಮ್ಮ ಅತ್ತೆ. ಆರು ಮಕ್ಕಳನ್ನು ಸಾಕಿದವರು. ನಿಮ್ಮ ಮನೆಯಲ್ಲಿ ಆಕ್ಸಿಜನ್ ಮೇಲಿರುವ ಮಗು ಇದೆಯಾ? ಇಲ್ಲದಿದ್ದರೆ ಸುಮ್ನೆ ಇರಿ.

ಹಾಸನದ ಸದಸ್ಯೆ: ಮಾತಿನ ಮೇಲೆ ಹಿಡಿತ ಇರಲಿ. ಅಣ್ಣನ ಮಗು ಇದೆ ಅಂತಲೇ ಗುಂಪಿಗೆ ಸೇರಿದ್ದು.

ಹುಬ್ಬಳ್ಳಿಯ ಸದಸ್ಯರು: ಮಷಿನ್ ಮಾರುವವರಿಗೆ ಮನೆಮದ್ದು ಹಿಡಿಸುವುದಿಲ್ಲ ಬಿಡಿ.

ತುಮಕೂರಿನ ಅಪ್ಪ: ಸಿಸ್ಟರ್ ಇಲ್ಲಿ ಏನು ಮಾರಿದರು ಹೇಳಿ ಸಾರ್? ಒಂದು ರೂಪಾಯಿ ತೆಗೆದುಕೊಂಡಿದ್ದಾರಾ?

ಅಡ್ಮಿನ್: ಜಗಳ ಬೇಡ. ಪ್ರಶ್ನೆ ಮಾತ್ರ.

ಸಿಸ್ಟರ್: ಸಾಂಬ್ರಾಣಿಗೆ ಕೆಂಡ ಬೇಕು. ಆಕ್ಸಿಜನ್ ಹರಿಯುವ ಕೋಣೆಗೆ ಕೆಂಡ ತರುತ್ತೀರಾ? ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಎಲ್ಲವೂ ಕನಿಷ್ಠ 10 ಅಡಿ ದೂರ ಇರಬೇಕು. ಹೊಗೆಯಂತೂ ಈ ಮಕ್ಕಳಿಗೆ ಬೇಡವೇ ಬೇಡ. ಮಾಸ್ಕ್ ತಾಗುವ ಕಡೆ ವ್ಯಾಸಲಿನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ.

ಬಳ್ಳಾರಿಯ ಅಮ್ಮ: ನೀಲಗಿರಿ ಬೇಡ ಅಂದಿರಿ. ತುಳಸಿ ರಸ ಹಾಕಿದರೆ?

ಸಿಸ್ಟರ್: ಮೇಲೆ ಹೇಳಿದ್ದೇನೆ.

ದಾವಣಗೆರೆಯ ಅಪ್ಪ: ಬೆರಳಿಗೆ ಹಾಕುವ ಆಕ್ಸಿಮೀಟರ್ ಒಮ್ಮೆ 97, ಒಮ್ಮೆ 81 ತೋರಿಸುತ್ತದೆ.

ಸಿಸ್ಟರ್: ದೊಡ್ಡವರದ್ದು ಮಗುವಿನ ಬೆರಳಿಗೆ ಕೂರುವುದಿಲ್ಲ. ಮಕ್ಕಳ ಪ್ರೋಬ್ ತರಿಸಿ. ತಣ್ಣನೆ ಕೈ, ಮೆಹಂದಿ, ಒದ್ದಾಟ ಇದ್ದರೂ ತಪ್ಪು ಬರುತ್ತದೆ. ಮೊದಲು ಮಗುವನ್ನು ನೋಡಿ: ತುಟಿಯ ಬಣ್ಣ, ಪಕ್ಕೆ ಒಳಗೆ ಎಳೆಯುತ್ತಿದೆಯಾ. ತುಟಿ ನೀಲಿಯಾದರೆ ಅಂಕಿಗೆ ಕಾಯದೆ ಹೊರಡಿ.

ಬಳ್ಳಾರಿಯ ಅಮ್ಮ: ಬರೀ ಬಿಸಿನೀರು ಹಾಕಿದರೆ?

ಸಿಸ್ಟರ್: ಬೇಡ ಅಂದರೆ ಬೇಡ ಅಮ್ಮ. ಮೂರನೇ ಸಲ.

ಮೈಸೂರಿನ ಅಮ್ಮ: ಬಸ್ಸಿನ ವಿಷಯ ಯಾರಾದರೂ ಹೇಳಿ.

ಹುಬ್ಬಳ್ಳಿಯ ಸದಸ್ಯರು ಗುಂಪಿನಿಂದ ಹೊರನಡೆದಿದ್ದಾರೆ.

ಚಿಕ್ಕಮಗಳೂರಿನ ಅಮ್ಮ: ಸಿಸ್ಟರ್, ಚೀಲ ಮಂಚಕ್ಕೆ ಕಟ್ಟಿದೆವು. ಫೋಟೋ ಹಾಕಿದ್ದೇನೆ ನೋಡಿ.

ಸಿಸ್ಟರ್: ನೋಡಿದೆ. ಇದರಲ್ಲಿ 4.0 ಒಂದೇ ಇದೆ. 3.5 ಎಲ್ಲಿ?