ಸ್ಪೆಷಲ್ ಎಜುಕೇಶನ್ ಟೀಚರ್ ಆಗಿದ್ದ ಅಮ್ಮನ ಬಗ್ಗೆ ಐದು ನಿಮಿಷ ಮಾತಾಡಬೇಕು, ಏನು ಹೇಳಲಿ?

ಕಿರಿಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮ ಹೋದ ತಿಂಗಳು ತೀರಿಕೊಂಡರು. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕಲಿಸುತ್ತಿದ್ದರು. ರಿಟೈರ್ ಆದ ಮೇಲೂ ಬಿಡಲಿಲ್ಲ. ಅವರ ನೆನಪಿನ ಸಭೆಯಲ್ಲಿ ನಾನು ಮಾತಾಡಬೇಕು. ಬರೆಯಲು ಕೂತರೆ ಕೈ ಓಡುತ್ತಿಲ್ಲ.

ಬಂದವರೆಲ್ಲ "ತಾಳ್ಮೆಯ ಮೂರ್ತಿ, ದೇವರಂಥ ಹೆಂಗಸು" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಬೇಜಾರಿಲ್ಲ. ಆದರೆ ಮನೆಯಲ್ಲಿ ಅಮ್ಮನ ತಾಳ್ಮೆ ಅಷ್ಟಕ್ಕಷ್ಟೆ. ಬೀಗದ ಕೈ ಸಿಗದಿದ್ದರೆ ಮನೆ ತಲೆಕೆಳಗಾಗುತ್ತಿತ್ತು. ಫೋನಿನಲ್ಲಿ ಯಾರಾದರೂ ಮಾತು ಎಳೆದರೆ "ವಿಷಯಕ್ಕೆ ಬನ್ನಿ" ಅಂದುಬಿಡುತ್ತಿದ್ದರು. "ಇಂಥ ಮಕ್ಕಳಿಗೆ ಕಲಿಸೋಕೆ ನಿಮ್ಮಷ್ಟು ತಾಳ್ಮೆ ಬೇಕಪ್ಪ" ಅಂದರಂತೂ ಮುಖ ಗಂಟು. "ತಾಳ್ಮೆ ಅಲ್ಲ ಕಣ್ರೀ, ಅದಕ್ಕೆ ಅಂತ ಓದಿದ್ದೀನಿ" ಅನ್ನುತ್ತಿದ್ದರು.

ನನಗೆ ನೆನಪಿರುವುದು ಚಿಕ್ಕಪುಟ್ಟ ವಿಷಯಗಳೇ. ಶೂ ಲೇಸ್ ಕಟ್ಟುವುದನ್ನು ನನಗೆ ಕೊನೆಯಿಂದ ಕಲಿಸಿದರು. ಎಲ್ಲ ಅವರೇ ಕಟ್ಟುವುದು, ಎರಡು ಕುಣಿಕೆ ಹಿಡಿದು ಎಳೆದು ಬಿಗಿ ಮಾಡುವುದಷ್ಟೇ ನನಗೆ ಬಿಡುವುದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ, ಆಮೇಲೆ ಅದರ ಹಿಂದಿನದು. ಹಾಗಾಗಿ ಪ್ರತಿ ಸಲವೂ ಕಟ್ಟಿ ಮುಗಿಸಿದವಳು ನಾನೇ! ಶಾಲೆಯ ಮಕ್ಕಳಿಗೆ ಅಂಗಿ ಹಾಕಿಕೊಳ್ಳುವುದನ್ನೂ ಹೀಗೇ ಕಲಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು, ಪ್ರಶ್ನೆ ಕೇಳಿ ಸುಮ್ಮನೆ ನಮ್ಮ ಮುಖ ನೋಡುತ್ತಾ ಕೂರುತ್ತಿದ್ದರು. ಉತ್ತರ ಬರುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಅಣ್ಣನಿಗೂ ನನಗೂ ಅದು ಶಿಕ್ಷೆ ಅನ್ನಿಸುತ್ತಿತ್ತು. ನಮ್ಮ ಸ್ಕೂಲ್ ಡೇಗೆ ಅವರು ಬರುವಷ್ಟರಲ್ಲಿ ಅರ್ಧ ಕಾರ್ಯಕ್ರಮ ಮುಗಿದಿರುತ್ತಿತ್ತು. ಅದರ ಮೇಲೆ ಸಿಟ್ಟೂ ಇತ್ತು. ಇದನ್ನು ಸಭೆಯಲ್ಲಿ ಹೇಳಬಹುದಾ?

ಬೀರುವಿನಲ್ಲಿ ಅವರ ನೋಟ್‌ಬುಕ್‌ಗಳು ಸಿಕ್ಕಿವೆ. ಮಗುವಿನ ಹೆಸರು, ತಾರೀಕು, ಪಕ್ಕದಲ್ಲಿ "ಕೈ, ಕೈ, ತೋ, ಹೇ, ತಾ" ಅಂತ ಸಾಲು ಸಾಲು. ಏನಿದು? ಓದಬಹುದಾ?

ಹಳೇ ಟೀಚರ್:
ನಿಮ್ಮ ಅಮ್ಮ ನನಗೆ ಪರಿಚಯವಿಲ್ಲಮ್ಮ, ಆದರೆ ಆ ಸಾಲುಗಳು ಚೆನ್ನಾಗಿ ಪರಿಚಯ. ಕೈ ಅಂದರೆ ಕೈ ಹಿಡಿದು ಮಾಡಿಸಿದ್ದು, ತೋ ಅಂದರೆ ತೋರಿಸಿದ್ದು, ಹೇ ಅಂದರೆ ಬಾಯಲ್ಲಿ ಹೇಳಿದ್ದು, ತಾ ಅಂದರೆ ಮಗು ತಾನೇ ಮಾಡಿದ್ದು ಇರಬೇಕು. ಈ ಸಹಾಯಗಳನ್ನು ನಾವು ಪ್ರಾಂಪ್ಟ್ ಅನ್ನುತ್ತೇವೆ. ಸಹಾಯ ಕೊಡುವುದು ಸುಲಭ, ಬಿಡಿಸುವುದೇ ಕಷ್ಟ. ತಡ ಮಾಡಿದರೆ ಮಗು ನಮ್ಮ ಕೈಗೇ ಕಾಯುತ್ತಾ ಕೂರುತ್ತದೆ. ಬೇಗ ಬಿಟ್ಟರೆ ತಪ್ಪು ಮಾಡಿ ಮಾಡಿ ಸಾಕಾಗಿ ಎದ್ದು ಹೋಗುತ್ತದೆ. ನಾಳೆ ಎಷ್ಟು ಸಹಾಯ ಬೇಕು ಅನ್ನುವುದು ಆ ಸಾಲು ನೋಡಿದರೆ ತಿಳಿಯುತ್ತದೆ.

ಅವರು ಸುಮ್ಮನೆ ಕೂರುತ್ತಿದ್ದುದಕ್ಕೂ ಅದೇ ಕಾರಣ ಅನ್ನಿಸುತ್ತದೆ. ಬಾಯಲ್ಲಿ ಹೇಳಿಕೊಡುವ ಅಭ್ಯಾಸ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಮಗುವಿಗಿಂತ ಟೀಚರ್‌ಗೇ ಜಾಸ್ತಿ! ಕೆಲವು ಮಕ್ಕಳಿಗೆ ಪ್ರಶ್ನೆ ಕಿವಿಗೆ ಬಿದ್ದು ಉತ್ತರ ಹೊರಡಲು ಹೊತ್ತು ಬೇಕು. ನಡುವೆ ಇನ್ನೊಂದು ಸಲ ಕೇಳಿದರೆ ಮತ್ತೆ ಮೊದಲಿಂದ. ಮನೆಗೆ ಬಂದ ಮೇಲೂ ಆ ಚಾಳಿ ಹೋಗಿರಲಿಲ್ಲ ಅಷ್ಟೇ.

ನೋಟ್‌ಬುಕ್ ಓದಬೇಡಿ. ಅದರಲ್ಲಿರುವುದು ಬೇರೆಯವರ ಮಕ್ಕಳ ವಿಷಯ. ಹೆಸರು ಕಾಣದ ಹಾಗೆ ಒಂದು ಸಾಲು ತೋರಿಸಿದರೆ ತಪ್ಪಿಲ್ಲ. ಶುರುವಿನಲ್ಲಿ ಬರೀ "ಕೈ", ಕೊನೆಯಲ್ಲಿ ಬರೀ "ತಾ" ಇರುವ ಸಾಲು ಸಿಕ್ಕರೆ ಅದಕ್ಕಿಂತ ಭಾಷಣ ಬೇಕಾ?

ಒಬ್ಬ ಅಪ್ಪ:
ನನ್ನ ಮಗ ಮಾತಾಡುವುದಿಲ್ಲ, ಚಿತ್ರದ ಕಾರ್ಡ್ ಕೊಟ್ಟು ಕೇಳುತ್ತಾನೆ. ಅವನ ಟೀಚರ್ ಶುರುವಿನಲ್ಲೇ "ಸಾಕು" ಅನ್ನುವ ಕಾರ್ಡ್ ಕಲಿಸಿದರು. ನಮಗೆ ಆಶ್ಚರ್ಯ. ಬೇಕು ಅನ್ನುವುದನ್ನೇ ಸರಿಯಾಗಿ ಕೇಳಲು ಬರುತ್ತಿಲ್ಲ, ಸಾಕು ಯಾಕೆ? ಆದರೆ ಅಲ್ಲಿಯವರೆಗೆ ಅವನಿಗೆ ಸಾಕಾಯಿತು ಅಂತ ಹೇಳಲು ಇದ್ದ ದಾರಿ ಕಚ್ಚುವುದೊಂದೇ. "ಕಾರ್ಡ್ ಕೊಟ್ಟರೆ ಆ ಕ್ಷಣ ನಿಲ್ಲಿಸಬೇಕು. ನೀವೇ ಆಗಲಿ, ನಾನೇ ಆಗಲಿ" ಅಂದಿದ್ದರು. ಕಚ್ಚುವುದು ಕಮ್ಮಿಯಾಯಿತು.

ನಿಮ್ಮ ತಾಯಿ ಕಲಿಸಿದ ಮಕ್ಕಳ ಮನೆಯವರಿಗೂ ಎರಡೆರಡು ನಿಮಿಷ ಕೊಡಿ. ಇಂಥವು ನಮ್ಮ ಹತ್ತಿರ ಬೇಕಾದಷ್ಟಿರುತ್ತವೆ. ಆ ಮಕ್ಕಳೂ ಬರುವುದಾದರೆ ಬಾಗಿಲ ಹತ್ತಿರ ನಾಲ್ಕು ಕುರ್ಚಿ ಬಿಡಿ, ಮೈಕ್ ಸೌಂಡ್ ಕಮ್ಮಿ ಇಡಿಸಿ.

ಟೀಚರ್ ಮಗ:
ನನ್ನ ತಾಯಿಯೂ ಇದೇ ಕೆಲಸ. ಸ್ಕೂಲ್ ಡೇ ವಿಷಯ ಹೇಳಿ ಅಂತಲೇ ನಾನು ಹೇಳುವುದು. ಆದರೆ "ಆಮೇಲೆ ಅರ್ಥವಾಯಿತು" ಅಂತ ತೇಪೆ ಹಾಕಬೇಡಿ. ಸಿಟ್ಟಿತ್ತು, ಅಷ್ಟೇ. ಕೇಳುವವರಿಗೆ ಅಷ್ಟು ಸಾಕು.

ಕಿರಿಮಗಳು:
ಎಲ್ಲರಿಗೂ ಥ್ಯಾಂಕ್ಸ್. ಟೀಚರಮ್ಮ, ನೀವು ಹೇಳಿದಂಥ ಸಾಲು ಸಿಕ್ಕಿತು. ಆದರೆ ಕೊನೆಯಲ್ಲಿ ಬರೀ "ತಾ" ಇಲ್ಲ. ತಾ ಬಂದ ಮೇಲೆ ಮತ್ತೆ ಕೈ, ಮತ್ತೆ ತೋ. ಅದನ್ನೇ ಹೆಸರು ಮುಚ್ಚಿ ತೋರಿಸುತ್ತೇನೆ.

ಬರೆಯುತ್ತಾ ಅಮ್ಮ ಹೇಳುತ್ತಿದ್ದ ಒಂದು ಮಾತು ನೆನಪಾಯಿತು. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲ್ಲರ್‌ಗೆ ಕಲಿಸಲು ಟೀಚರ್ ಆನ್ ಸಲಿವನ್ ಅವಳ ಮನೆಗೆ ಬಂದದ್ದು 1887ರ ಮಾರ್ಚ್ 3ಕ್ಕೆ. ಪಂಪಿನ ನೀರಿಗೆ ಕೈಯೊಡ್ಡಿದಾಗ ಆ ಆರು ವರ್ಷದ ಹುಡುಗಿಗೆ ವಸ್ತುಗಳಿಗೆ ಹೆಸರಿದೆ ಅಂತ ಹೊಳೆದದ್ದು ಏಪ್ರಿಲ್ 5ಕ್ಕೆ. ಅಲ್ಲಿಯವರೆಗೆ ಸಲಿವನ್ ಅವಳ ಅಂಗೈಯಲ್ಲಿ ಬೆರಳಿಂದ ಅಕ್ಷರ ಮೂಡಿಸುತ್ತಲೇ ಇದ್ದರು. ಅವಳು ಆಟದ ಹಾಗೆ ತಿರುಗಿ ಮಾಡುತ್ತಿದ್ದಳು, ಅರ್ಥ ಮಾತ್ರ ಆಗಿರಲಿಲ್ಲ. "ಪಂಪಿನ ಕತೆ ಎಲ್ಲರಿಗೂ ಬೇಕು, ಅದಕ್ಕೆ ಮುಂಚಿನ ಒಂದು ತಿಂಗಳು ಯಾರಿಗೂ ಬೇಡ" ಅಂತ ಅಮ್ಮ ರೇಗುತ್ತಿದ್ದರು. ಆ ತಿಂಗಳಿನಿಂದಲೇ ಮಾತು ಶುರು ಮಾಡುತ್ತೇನೆ. ಆಮೇಲೆ ಶೂ ಲೇಸ್, ಸ್ಕೂಲ್ ಡೇ. ಬೀಗದ ಕೈ ವಿಷಯ ಅಣ್ಣ ಹೇಳುತ್ತಾನಂತೆ, ಅವನೇ ಜಾಸ್ತಿ ಬೈಸಿಕೊಂಡವನು.

ಹಾಲ್ ಚಿಕ್ಕದು, ಮೈಕ್ ಬೇಡವೇ ಬೇಡ ಅಂದಿದ್ದೇನೆ. ಬಾಗಿಲ ಹತ್ತಿರ ನಾಲ್ಕಲ್ಲ, ಹತ್ತು ಕುರ್ಚಿ ಹಾಕಿಸುತ್ತಿದ್ದೇನೆ.